ಅಮೆರಿಕದಲ್ಲಿ ಹಲ್ಲಿನ ಖರ್ಚು: ಡೆಂಟಲ್ ಇನ್ಶೂರೆನ್ಸ್ ತಗೊಳ್ಳೋದಾ, ಡಿಸ್ಕೌಂಟ್ ಪ್ಲಾನ್ ಸಾಕಾ?

ಬೆಳದಿಂಗಳು

ಕೆಲಸದ ಕಂಪನಿ ಕಡೆಯಿಂದ ಡೆಂಟಲ್ ಇನ್ಶೂರೆನ್ಸ್ ಇಲ್ಲದೆ ಸ್ವಂತವಾಗಿ ಕೊಳ್ಳಬೇಕಾದವರ ಪರವಾಗಿ ಈ ಪ್ರಶ್ನೆ. ಒಂದು ಕಡೆ ಪಿಪಿಒ ಇನ್ಶೂರೆನ್ಸ್ (ದರದ ಒಪ್ಪಂದ ಮಾಡಿಕೊಂಡ ಡೆಂಟಿಸ್ಟ್‌ಗಳ ನೆಟ್‌ವರ್ಕ್ ಇರುವಂಥದ್ದು): ತಿಂಗಳಿಗೆ 40 ಡಾಲರ್, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡುವ ಮೊದಲು ನಾವೇ ಕಟ್ಟಬೇಕಾದ್ದು) 50, ವರ್ಷದ ಮಿತಿ 1,500, ದೊಡ್ಡ ಕೆಲಸಗಳಿಗೆ 12 ತಿಂಗಳು ಕಾಯಬೇಕು. ಇನ್ನೊಂದು ಕಡೆ ಡಿಸ್ಕೌಂಟ್ ಪ್ಲಾನ್: ವರ್ಷಕ್ಕೆ 150 ಡಾಲರ್, ಕಾಯೋದೂ ಇಲ್ಲ, ಮಿತಿಯೂ ಇಲ್ಲ, ಶೇ. 20ರಿಂದ 50 ಉಳಿತಾಯ ಅಂತ ಜಾಹೀರಾತು. ಹಿಂದಿನ ದವಡೆ ಹಲ್ಲೊಂದಕ್ಕೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ (ಕ್ರೌನ್) ಹಾಕಿಸಬೇಕು ಅಂತಿಟ್ಟುಕೊಳ್ಳಿ. ಯಾವುದರಲ್ಲಿ ಕಡಿಮೆ ಖರ್ಚು? ಹೆಲ್ತ್ ಇನ್ಶೂರೆನ್ಸ್ ಥರ ಇದೂ ದೊಡ್ಡ ಬಿಲ್ ಬಂದಾಗ ಕೈ ಹಿಡಿಯುತ್ತೆ ಅಂತ ನಂಬಬಹುದಾ?

ಕ್ಲೈಮ್ ಡೆಸ್ಕ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸ್ತೀನಿ: ನಂಬಬೇಡಿ. ಹೆಲ್ತ್ ಇನ್ಶೂರೆನ್ಸಿನಲ್ಲಿ ಒಂದು ಮೊತ್ತ ದಾಟಿದ ಮೇಲೆ ನಿಮ್ಮ ಖರ್ಚು ನಿಲ್ಲುತ್ತೆ. ದೊಡ್ಡವರ ಡೆಂಟಲ್‌ನಲ್ಲಿ ಒಂದು ಮೊತ್ತ ದಾಟಿದ ಮೇಲೆ ಕಂಪನಿಯ ಖರ್ಚು ನಿಲ್ಲುತ್ತೆ. 1,500 ಮಿತಿ ಅಂದರೆ ವರ್ಷಕ್ಕೆ ಅವರು ಕೊಡೋದು ಅಷ್ಟೇ, ಅದರ ಮೇಲಿನದೆಲ್ಲ ನಿಮ್ಮದು.

ಪಿಪಿಒಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ 100-80-50. ತಪಾಸಣೆ, ಕ್ಲೀನಿಂಗ್, ಎಕ್ಸ್‌ರೇ ಪೂರ್ತಿ ಕೊಡ್ತಾರೆ. ಫಿಲ್ಲಿಂಗ್, ಸಾದಾ ಹಲ್ಲು ಕೀಳಿಸೋದಕ್ಕೆ ಶೇ. 80. ಕ್ರೌನ್, ಬ್ರಿಡ್ಜ್ (ಪಕ್ಕದ ಹಲ್ಲುಗಳಿಗೆ ಆನಿಸಿ ಕೂರಿಸುವ ಕೃತಕ ಹಲ್ಲು), ಡೆಂಚರ್‌ಗೆ (ತೆಗೆದು ಹಾಕುವ ಹಲ್ಲು ಸೆಟ್) ಶೇ. 50. ರೂಟ್ ಕೆನಾಲ್ ಎಲ್ಲಿದೆ ಅಂತ ಕಡ್ಡಾಯವಾಗಿ ನೋಡಿ. ಕೆಲವು ಪ್ಲಾನ್‌ಗಳು ಅದನ್ನು 'ಬೇಸಿಕ್' ಅಂತ ಇಟ್ಟು 80 ಕೊಡುತ್ತವೆ, ಕೆಲವು 'ಮೇಜರ್'ಗೆ ತಳ್ಳಿ 50 ಮಾಡುತ್ತವೆ. ಪ್ರೀಮಿಯಂ ಐದು ಡಾಲರ್ ಕಮ್ಮಿ ಇರೋ ಪ್ಲಾನ್‌ನಲ್ಲಿ ಎಷ್ಟೋ ಸಲ ಬದಲಾಗಿರೋದು ಇದೊಂದೇ ಸಾಲು.

ಈಗ ಮುಖ್ಯ ವಿಷಯ. ಪಿಪಿಒ ನೆಟ್‌ವರ್ಕ್‌ನಲ್ಲಿರುವ ಡೆಂಟಿಸ್ಟ್, ಪ್ರತಿಯೊಂದು ಕೆಲಸಕ್ಕೂ ಇಷ್ಟೇ ತಗೊಳ್ತೀನಿ ಅಂತ ಒಂದು ದರಪಟ್ಟಿಗೆ ಸಹಿ ಹಾಕಿರ್ತಾರೆ. ಅವರ ಮಾಮೂಲಿ ದರ 1,500 ಇದ್ದು ಒಪ್ಪಂದದ ದರ 950 ಇದ್ದರೆ, ಮಧ್ಯದ 550 ಬಿಟ್ಟುಕೊಡಲೇಬೇಕು. ಉಳಿದ 950ರಲ್ಲಿ ಕಂಪನಿ ತನ್ನ ಪಾಲು ಕೊಡುತ್ತೆ. ಡಿಸ್ಕೌಂಟ್ ಪ್ಲಾನ್ ಅಂದರೆ ಇದರ ಮೊದಲರ್ಧ ಮಾತ್ರ: ದರಪಟ್ಟಿ ಇದೆ, ಹಣ ಕೊಡುವವರಿಲ್ಲ. ಹಾಗಾಗಿ ಹೋಲಿಸಬೇಕಾದ್ದು ಎರಡು ದರಪಟ್ಟಿಗಳನ್ನು. ಇನ್ಶೂರೆನ್ಸ್ ಕೊಡುವ ಹಣ ಅದರ ಮೇಲಿನ ಭಾಗ, ಪ್ರೀಮಿಯಂ ಅದಕ್ಕೆ ನೀವು ತೆರುವ ಬೆಲೆ. ಜಾಹೀರಾತಿನ ಶೇಕಡಾವನ್ನು ಮರೆತುಬಿಡಿ, ಅದು ಯಾವ ದರದ ಮೇಲಿನ ಶೇಕಡಾ ಅಂತ ಯಾರೂ ಹೇಳಲ್ಲ.

ಲೆಕ್ಕಪತ್ರ

ಬೆಳದಿಂಗಳು ಅವರು ಕೊಟ್ಟ ಉದಾಹರಣೆಗೇ ಅಂಕಿ ಹಾಕೋಣ. ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಜಿಪ್ ಕೋಡ್‌ನ ದರ ಹಾಕಿ ಇದೇ ಕ್ರಮದಲ್ಲಿ ಮಾಡಿ.

ಮಾಮೂಲಿ ದರ: ರೂಟ್ ಕೆನಾಲ್ 1,400, ಬಿಲ್ಡಪ್ (ಕ್ರೌನ್ ಕೂರಿಸೋಕೆ ಹಲ್ಲಿನ ಹೋದ ಭಾಗ ತುಂಬಿಸೋದು) 350, ಕ್ರೌನ್ 1,500. ಒಟ್ಟು 3,250. ವರ್ಷದ ಎರಡು ಕ್ಲೀನಿಂಗ್, ಎರಡು ತಪಾಸಣೆ, ಒಂದು ಸಲ ಎಕ್ಸ್‌ರೇ ಸೇರಿ 460. ಏನೂ ಇಲ್ಲದಿದ್ದರೆ 3,710.

ಪಿಪಿಒ ದರ: 950, 200, 950. ಒಟ್ಟು 2,100. ಕ್ಲೀನಿಂಗ್ ಬಾಬ್ತು 275. ಕಾಯುವ ಅವಧಿ ಮುಗಿದಿದೆ, ರೂಟ್ ಕೆನಾಲ್‌ಗೆ ಶೇ. 80 ಇದೆ ಅಂದುಕೊಳ್ಳಿ. ಡಿಡಕ್ಟಿಬಲ್ 50 ಕಳೆದು ರೂಟ್ ಕೆನಾಲ್‌ಗೆ 720, ಬಿಲ್ಡಪ್‌ಗೆ 100, ಕ್ರೌನ್‌ಗೆ 475, ಕ್ಲೀನಿಂಗ್‌ಗೆ 275. ಕೂಡಿದರೆ 1,570, ಆದರೆ ಮಿತಿ 1,500ಕ್ಕೆ ನಿಲ್ಲುತ್ತೆ. ನಿಮ್ಮ ಕೈಯಿಂದ 875, ಪ್ರೀಮಿಯಂ 480. ವರ್ಷದ ಖರ್ಚು 1,355. ರೂಟ್ ಕೆನಾಲ್ ಮೇಜರ್‌ನಲ್ಲಿದ್ದರೆ ಕಂಪನಿ ಕೊಡೋದು 1,300ಕ್ಕೆ ಇಳಿದು ನಿಮ್ಮ ಖರ್ಚು 1,555.

ಡಿಸ್ಕೌಂಟ್ ಪ್ಲಾನ್: ದರಪಟ್ಟಿ ಪ್ರಕಾರ 1,000, 220, 1,000 ಅಂತಿಟ್ಟುಕೊಂಡರೆ 2,220. ಕ್ಲೀನಿಂಗ್ 275, ಸದಸ್ಯತ್ವ 150. ಒಟ್ಟು 2,645.

ಅಂದರೆ ಇನ್ಶೂರೆನ್ಸ್ ಸಾವಿರಕ್ಕೂ ಹೆಚ್ಚು ಉಳಿಸುತ್ತೆ. ಆದರೆ ಇವತ್ತು ಕೊಂಡು ಮುಂದಿನ ತಿಂಗಳೇ ಕೆಲಸ ಮಾಡಿಸಿದರೆ? ರೂಟ್ ಕೆನಾಲ್‌ಗೂ ಕಾಯುವ ಅವಧಿ ಇದ್ದರೆ ಆಗ ಕಂಪನಿ ಕೊಡೋದು ಕ್ಲೀನಿಂಗ್ ಮಾತ್ರ. ಒಪ್ಪಂದದ ದರ ಆಗಲೂ ಸಿಗುತ್ತೆ ಅಂತಾದರೆ ಖರ್ಚು 2,100 ಮತ್ತು 480 ಸೇರಿ 2,580. ಡಿಸ್ಕೌಂಟ್ ಪ್ಲಾನ್‌ಗೂ ಅದಕ್ಕೂ ಇರೋ ವ್ಯತ್ಯಾಸ 65 ಡಾಲರ್.

ಬರೀ ಕ್ಲೀನಿಂಗ್ ಇರುವ ವರ್ಷದಲ್ಲಿ ಇನ್ಶೂರೆನ್ಸ್ 480, ಡಿಸ್ಕೌಂಟ್ 425, ಏನೂ ಇಲ್ಲದೆ ಕೈಯಿಂದ ಕೊಟ್ಟರೆ 460. ನೀವು ಕೆಲಸ ಮಾಡುವ ಕಂಪನಿಯೇ ಪ್ರೀಮಿಯಂನ ದೊಡ್ಡ ಪಾಲು ಕಟ್ಟೋದಾದರೆ ಈ ಲೆಕ್ಕವೇ ಬೇಡ, ಇನ್ಶೂರೆನ್ಸ್ ತಗೊಳ್ಳಿ.

ಕ್ಲೈಮ್ ಡೆಸ್ಕ್

ಲೆಕ್ಕ ಸರಿಯಿದೆ. 'ಒಪ್ಪಂದದ ದರ ಆಗಲೂ ಸಿಗುತ್ತೆ ಅಂತಾದರೆ' ಅನ್ನೋ ಷರತ್ತಿನ ಬಗ್ಗೆ ಒಂದು ಮಾತು. ಪ್ಲಾನ್‌ನಲ್ಲಿ ಸೇರದ ಕೆಲಸಕ್ಕೆ ಇನ್ಶೂರೆನ್ಸ್ ಕಂಪನಿ ದರ ನಿಗದಿ ಮಾಡಬಾರದು ಅಂತ ಅನೇಕ ರಾಜ್ಯಗಳಲ್ಲಿ ಕಾನೂನಿದೆ. ಪ್ಲಾನ್‌ನಲ್ಲಿ ಇರುವ ಕೆಲಸವೇ, ಆದರೆ ಮಿತಿ ಮುಗಿದಿದೆ ಅಥವಾ ಕಾಯುವ ಅವಧಿ ನಡೆಯುತ್ತಿದೆ ಅಂದಾಗ ಅದನ್ನು 'ಸೇರಿದ್ದು' ಅನ್ನಬೇಕಾ ಬೇಡವಾ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದ್ದರಿಂದ ಕಂಪನಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕಾಯುವ ಅವಧಿಯಲ್ಲಿ ನೆಟ್‌ವರ್ಕ್ ದರ ಅನ್ವಯಿಸುತ್ತಾ? ವರ್ಷದ ಮಿತಿ ಮುಗಿದ ಮೇಲೆ ಅನ್ವಯಿಸುತ್ತಾ? ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಈ ಮೊದಲೇ ಬೇರೆ ಡೆಂಟಲ್ ಇನ್ಶೂರೆನ್ಸ್ ಇದ್ದವರು ಆರಂಭ, ಅಂತ್ಯದ ತಾರೀಖು ಇರುವ ಪತ್ರ ತರಿಸಿಕೊಂಡು ಕಳಿಸಿದರೆ ಕೆಲವು ಕಂಪನಿಗಳು ಕಾಯುವ ಅವಧಿ ಬಿಡುತ್ತವೆ. ಮಧ್ಯೆ ಅಂತರ ಬಿದ್ದಿದ್ದರೆ ಕಷ್ಟ. ಕೆಲಸ ಬಿಟ್ಟವರು, 20 ಅಥವಾ ಹೆಚ್ಚು ನೌಕರರ ಕಂಪನಿಯಾಗಿದ್ದರೆ, ಕೋಬ್ರಾದಲ್ಲಿ (ಕೆಲಸ ಬಿಟ್ಟ ಮೇಲೂ ಅದೇ ಇನ್ಶೂರೆನ್ಸನ್ನು ಸ್ವಂತ ಹಣದಲ್ಲಿ ಮುಂದುವರಿಸಲು ಬಿಡುವ ಕಾನೂನು) ಡೆಂಟಲ್ ಒಂದನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಡೆಂಟಲ್ ಪ್ಲಾನ್ ಪ್ರತ್ಯೇಕವಾಗಿದ್ದರೆ ಹೆಲ್ತ್ ಜೊತೆಗೇ ತಗೊಳ್ಳಬೇಕು ಅಂತಿಲ್ಲ. ಅರ್ಧ ಮುಗಿದ ಕೆಲಸ ಇದ್ದವರಿಗೆ ಹೊಸ ಪ್ಲಾನ್ ಕೊಳ್ಳೋದಕ್ಕಿಂತ ಇದೇ ಮೇಲು.

ತುಂಗೆ

ಡಿಸ್ಕೌಂಟ್ ಕಾರ್ಡ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆ ಯಾರೂ ಬರೆದಿಲ್ಲ. ಹೆಚ್ಚಿನವರು ಎಡವೋದೇ ಇಲ್ಲಿ.

ಮೊದಲು ಡೆಂಟಿಸ್ಟ್ ಹತ್ತಿರ ಯಾವ ಯಾವ ಕೆಲಸ ಆಗಬೇಕು ಅಂತ ಕೋಡ್ ಸಮೇತ ಬರೆಸಿಕೊಳ್ಳಿ. ಅಮೆರಿಕದಲ್ಲಿ ಎಲ್ಲ ಆಫೀಸುಗಳೂ ಒಂದೇ ಕೋಡ್ ಬಳಸುತ್ತವೆ: ದವಡೆ ಹಲ್ಲಿನ ರೂಟ್ ಕೆನಾಲ್ ಡಿ3330, ಬಿಲ್ಡಪ್ ಡಿ2950, ಸೆರಾಮಿಕ್ ಕ್ರೌನ್ ಡಿ2740. ಆಮೇಲೆ ಪ್ಲಾನ್‌ನ ವೆಬ್‌ಸೈಟ್‌ನಲ್ಲಿ ನಿಮ್ಮ ಜಿಪ್ ಕೋಡ್ ಹಾಕಿ ದರಪಟ್ಟಿ ತೆಗೆಯಿರಿ. ಒಂದೇ ಪ್ಲಾನ್‌ಗೆ ಊರಿಂದೂರಿಗೆ ದರ ಬೇರೆ. ಪಟ್ಟಿ ತೋರಿಸದೆ ಬರೀ ಶೇಕಡಾ ಹೇಳುವ ಪ್ಲಾನ್ ಆದರೆ ಅಲ್ಲಿಗೇ ಬಿಡಿ.

ಮೂರನೇದು, ಡೆಂಟಿಸ್ಟ್ ಆಫೀಸಿಗೆ ಫೋನ್. 'ನೀವು ಈ ಪ್ಲಾನ್ ತಗೊಳ್ತೀರಾ' ಅಂತ ಕೇಳಿದರೆ ಹೂಂ ಅಂತಾರೆ, ಅದು ಸಾಕಾಗಲ್ಲ. ಕಾರ್ಡ್ ಮೇಲೆ ಒಂದು ಹೆಸರಿದ್ದರೆ ಹಿಂದಿನ ನೆಟ್‌ವರ್ಕ್ ಇನ್ನೊಂದರದ್ದು. ಕೇರಿಂಗ್ಟನ್, ಏಟ್ನಾ ಡೆಂಟಲ್ ಆಕ್ಸೆಸ್ ಇಂಥ ನೆಟ್‌ವರ್ಕ್‌ಗಳು. ಜೊತೆಗೆ, ಏಟ್ನಾ ಇನ್ಶೂರೆನ್ಸ್ ತಗೊಳ್ಳುವ ಡೆಂಟಿಸ್ಟ್ ಏಟ್ನಾ ಡಿಸ್ಕೌಂಟ್ ನೆಟ್‌ವರ್ಕ್‌ನಲ್ಲಿ ಇರಲೇಬೇಕು ಅಂತಿಲ್ಲ, ಎರಡೂ ಬೇರೆ ಒಪ್ಪಂದ. ನೆಟ್‌ವರ್ಕ್‌ನ ಪೂರ್ತಿ ಹೆಸರು ಹೇಳಿ, ಡಾಕ್ಟರ ಹೆಸರು ಹೇಳಿ (ಒಂದೇ ಕ್ಲಿನಿಕ್‌ನಲ್ಲಿ ಒಬ್ಬರು ಇದ್ದು ಇನ್ನೊಬ್ಬರು ಇಲ್ಲದಿರಬಹುದು), ಕೋಡ್ ಹೇಳಿ ದರ ಕೇಳಿ. ಅವರು ಹೇಳಿದ ದರ ಪಟ್ಟಿಯ ದರಕ್ಕೆ ಹೊಂದಿದರೆ ಮಾತ್ರ ಹಣ ಕಟ್ಟಿ. ಡೈರೆಕ್ಟರಿಯಲ್ಲಿ ಹೆಸರಿದೆ ಅನ್ನೋದು ಸಾಕ್ಷಿಯಲ್ಲ. ಡೆಂಟಿಸ್ಟ್ ಬಿಟ್ಟುಹೋಗಿ ತಿಂಗಳುಗಟ್ಟಲೆ ಆದರೂ ಹೆಸರು ಹಾಗೇ ಇರುತ್ತೆ.

ಸ್ಪೆಷಲಿಸ್ಟ್ ವಿಷಯ ಪ್ರತ್ಯೇಕವಾಗಿ ಕೇಳಲೇಬೇಕು. ದವಡೆ ಹಲ್ಲಿನ ರೂಟ್ ಕೆನಾಲನ್ನು ಬಹಳ ಡೆಂಟಿಸ್ಟ್‌ಗಳು ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞರು) ಹತ್ತಿರ ಕಳಿಸುತ್ತಾರೆ. ಡಿಸ್ಕೌಂಟ್ ಪ್ಲಾನ್‌ಗಳಲ್ಲಿ ಸ್ಪೆಷಲಿಸ್ಟ್‌ಗೆ ದರಪಟ್ಟಿ ಇರೋದು ಕಡಿಮೆ, ಅವರ ಮಾಮೂಲಿ ದರದಲ್ಲಿ 15ರಿಂದ 25 ಶೇಕಡಾ ಕಡಿತ ಅಂತಷ್ಟೇ ಇರುತ್ತೆ. ಅವರ ದರ 1,600 ಇದ್ದು ಶೇ. 20 ಬಿಟ್ಟರೆ 1,280. ಲೆಕ್ಕಪತ್ರ ಅವರು ಹಾಕಿದ 1,000 ಅಲ್ಲಿ ನಿಲ್ಲಲ್ಲ.

ಕಾರ್ಡ್ ಸಕ್ರಿಯ ಆಗೋ ಮೊದಲು ಶುರುವಾದ ಕೆಲಸಕ್ಕೆ ರಿಯಾಯಿತಿ ಇಲ್ಲ. ಆ ದಿನವೇ ಪೂರ್ತಿ ಹಣ ಕಟ್ಟಬೇಕು, ಕಂತು ಅಂತ ಕೇಳಿದರೆ ಮಾಮೂಲಿ ದರಕ್ಕೆ ಹೋಗಬಹುದು.

ಒಸಡು-ಹಲ್ಲು

ಕ್ಲಿನಿಕ್ ಕಡೆಯಿಂದ ನೋಡಿದರೆ ಕಾಣುವ ಕೆಲವು ವಿಷಯ ಬರೀತೀನಿ.

ದುಡ್ಡು ಉಳಿಸೋಕೆ ಅಂತ ರೂಟ್ ಕೆನಾಲ್ ಈಗ ಮಾಡಿಸಿ ಕ್ರೌನ್ ಮುಂದಿನ ವರ್ಷಕ್ಕೆ ಹಾಕೋ ಯೋಚನೆ ಬಹಳ ಜನರಿಗಿದೆ. ಡಿಸೆಂಬರ್‌ನಲ್ಲಿ ಒಂದು, ಜನವರಿಯಲ್ಲಿ ಇನ್ನೊಂದು ಅಂದರೆ ಒಳ್ಳೆಯ ಉಪಾಯ, ಎರಡು ವರ್ಷದ ಮಿತಿ ಬಳಕೆಯಾಗುತ್ತೆ. ನಿಮ್ಮ ಪ್ಲಾನ್‌ನ ವರ್ಷ ಜನವರಿಗೇ ಶುರುವಾಗುತ್ತಾ ಅಂತ ಮೊದಲು ನೋಡಿ, ಕೆಲವದು ಸೇರಿದ ತಿಂಗಳಿಂದ ಲೆಕ್ಕ. ಆದರೆ ಕಾಯುವ ಅವಧಿ ಮುಗೀಲಿ ಅಂತ 12 ತಿಂಗಳು ಕ್ರೌನ್ ಇಲ್ಲದೆ ಬಿಡಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲು ಒಳಗೆ ಟೊಳ್ಳಾಗಿ, ಗೋಡೆ ತೆಳುವಾಗಿರುತ್ತೆ. ಅಗಿಯುವ ಒತ್ತಡಕ್ಕೆ ಬೇರಿನವರೆಗೆ ಸೀಳಿದರೆ ಉಳಿಸೋಕಾಗಲ್ಲ, ಕೀಳಬೇಕು. ಆಮೇಲೆ ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು), ಅಬಟ್‌ಮೆಂಟ್ (ಅದಕ್ಕೂ ಕ್ರೌನ್‌ಗೂ ನಡುವಿನ ಜೋಡಣೆ), ಕ್ರೌನ್ ಅಂತ ಖರ್ಚು ಇನ್ನೂ ಏರುತ್ತೆ.

ಇನ್ಶೂರೆನ್ಸಿನಲ್ಲಿ ಶೇ. 50 ಅಂದರೂ ಎಷ್ಟೋ ಸಲ ಕೈಗೆ 50 ಬರಲ್ಲ, ಯಾಕಂದರೆ 'ಡೌನ್‌ಗ್ರೇಡ್' ಅಂತ ಒಂದಿದೆ. ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿದರೆ ಕಂಪನಿ ಬೆಳ್ಳಿ ಬಣ್ಣದ ಅಮಾಲ್ಗಮ್ ದರಕ್ಕೆ ಲೆಕ್ಕ ಹಾಕುತ್ತೆ. ಸೆರಾಮಿಕ್ ಕ್ರೌನ್‌ಗೆ ಲೋಹದ ಕ್ರೌನ್ ದರ ಕಟ್ಟುತ್ತೆ. ನೆಟ್‌ವರ್ಕ್ ಒಳಗಿದ್ದರೂ ಆ ವ್ಯತ್ಯಾಸ ನಿಮ್ಮ ಮೇಲೇ. ಪ್ಲಾನ್ ಪುಸ್ತಿಕೆಯಲ್ಲಿ 'ಅತಿ ಕಡಿಮೆ ಖರ್ಚಿನ ಪರ್ಯಾಯ ಚಿಕಿತ್ಸೆ' ಎಂಬ ಅರ್ಥದ ಸಾಲು ಹುಡುಕಿ. ಬಿಲ್ಡಪ್ ತಿರಸ್ಕಾರ ಆಗೋದೂ ಸಾಮಾನ್ಯ, ಅದು ಕ್ರೌನ್‌ನಲ್ಲೇ ಸೇರಿದೆ ಅಂತಾರೆ. ಹಲ್ಲಿನ ಎಷ್ಟು ಭಾಗ ಹೋಗಿದೆ ಅಂತ ಟಿಪ್ಪಣಿ, ಕೆಲಸಕ್ಕೆ ಮುಂಚಿನ ಎಕ್ಸ್‌ರೇ, ಫೋಟೊ ಜೊತೆಗೆ ಹೋದರೆ ಮೇಲ್ಮನವಿಯಲ್ಲಿ ಸಿಗುವ ಸಾಧ್ಯತೆ ಇದೆ.

ಪ್ಲಾನ್ ಶುರುವಾಗೋ ಮೊದಲೇ ಬಿದ್ದುಹೋದ ಹಲ್ಲಿನ ಜಾಗಕ್ಕೆ ಬ್ರಿಡ್ಜ್, ಇಂಪ್ಲಾಂಟ್ ಕೊಡಲ್ಲ ಅನ್ನುವ ನಿಯಮ ಅನೇಕ ಪ್ಲಾನ್‌ಗಳಲ್ಲಿದೆ. ಇಂಥವರಿಗೆ ಡಿಸ್ಕೌಂಟ್ ಪ್ಲಾನ್ ನಿಜಕ್ಕೂ ಒಳ್ಳೆಯದು. ಒಟ್ಟು 8,400 ಡಾಲರ್‌ನ ಎರಡು ಇಂಪ್ಲಾಂಟ್ ಕೆಲಸದಲ್ಲಿ ಶೇ. 25 ಬಿಟ್ಟರೆ 2,100 ಉಳೀತು. 1,500 ಮಿತಿಯ ಯಾವ ಇನ್ಶೂರೆನ್ಸೂ ಒಂದು ವರ್ಷದಲ್ಲಿ ಅಷ್ಟು ಹಣ ಕೊಡಲ್ಲ.

ಒಸಡಿನ ಕೆಲಸದಲ್ಲಿ ಎಚ್ಚರ ಬೇಕು. ಮಾಮೂಲಿ ಕ್ಲೀನಿಂಗ್ ಡಿ1110. ಡೀಪ್ ಕ್ಲೀನಿಂಗ್ ಡಿ4341, ಬಾಯಿಯನ್ನು ನಾಲ್ಕು ಭಾಗ ಮಾಡಿ ಭಾಗಕ್ಕಿಷ್ಟು ಅಂತ ಬಿಲ್. ಕ್ಲೀನಿಂಗ್‌ಗೆ ಹೋದವರಿಗೆ ನಾಲ್ಕೂ ಭಾಗ ಬೇಕು ಅಂದರೆ, ಒಸಡಿನ ಅಳತೆಯ ಚಾರ್ಟ್ ಮತ್ತು ಎಕ್ಸ್‌ರೇ ಕೇಳಿ. 4 ಮಿಲಿಮೀಟರ್ ಅಥವಾ ಹೆಚ್ಚು ಆಳದ ಜಾಗಗಳು, ಮೂಳೆ ಸವೆದ ಗುರುತು ಇರಬೇಕು. ಇನ್ಶೂರೆನ್ಸ್ ಇದ್ದರೆ ಕಂಪನಿಯೇ ಈ ದಾಖಲೆ ಕೇಳುತ್ತೆ. ಡಿಸ್ಕೌಂಟ್ ಪ್ಲಾನ್‌ನಲ್ಲಿ ಕ್ಲೈಮೇ ಇಲ್ಲ, ಹಾಗಾಗಿ ಪ್ರಶ್ನೆ ಕೇಳುವವರು ನೀವೊಬ್ಬರೇ. ಪಟ್ಟಿಯಲ್ಲಿಲ್ಲದ ಲೇಸರ್, ಔಷಧಿ ಸಿಂಪಡಣೆಯಂಥ ಸಾಲುಗಳು ಬಿಲ್‌ಗೆ ಸೇರೋದೂ ಅಲ್ಲೇ. ಒಂದೊಂದು ಸಾಲಿಗೂ ಕೋಡ್ ಕೇಳಿ.

ಬೆಳದಿಂಗಳು

ಎಲ್ಲರಿಗೂ ಧನ್ಯವಾದ. ಇನ್ನು ಮೂರು ಪ್ರಶ್ನೆ. ಎರಡನ್ನೂ ಇಟ್ಟುಕೊಂಡು ಒಂದರ ಮೇಲೊಂದು ಬಳಸಬಹುದಾ? ಊರಿಂದ ಆರು ತಿಂಗಳಿಗೆ ಬರುವ ಅಪ್ಪ ಅಮ್ಮಂದಿರಿಗೆ ಯಾವುದು? ಮಕ್ಕಳ ಬ್ರೇಸಸ್‌ಗೆ (ಹಲ್ಲಿನ ಕ್ಲಿಪ್)?

ಕ್ಲೈಮ್ ಡೆಸ್ಕ್

ಒಂದೇ ಕೆಲಸಕ್ಕೆ ಎರಡೂ ನಡೆಯಲ್ಲ. ಇನ್ಶೂರೆನ್ಸ್ ನೆಟ್‌ವರ್ಕ್‌ನ ಡೆಂಟಿಸ್ಟ್ ಆ ದರಕ್ಕೆ ಬದ್ಧ, ಅದರ ಮೇಲೆ ಇನ್ನೊಂದು ರಿಯಾಯಿತಿ ಕೊಡಬೇಕಾಗಿಲ್ಲ. ಪ್ಲಾನ್‌ನಲ್ಲಿ ಸೇರದ ಕೆಲಸಕ್ಕೆ ಡಿಸ್ಕೌಂಟ್ ಕಾರ್ಡ್ ಒಪ್ಪುತ್ತಾರಾ ಅಂತ ಆಫೀಸಿನಲ್ಲೇ ಕೇಳಬೇಕು.

ಇವೆರಡರ ಆಚೆಗೂ ಎರಡು ದಾರಿ ಇವೆ. ಡಿಎಚ್‌ಎಂಒ ಅನ್ನೋದರಲ್ಲಿ ಪ್ರೀಮಿಯಂ ಕಡಿಮೆ, ಸಾಮಾನ್ಯವಾಗಿ ವರ್ಷದ ಮಿತಿ ಇಲ್ಲ, ಪ್ರತಿ ಕೋಡ್‌ಗೂ ನೀವು ಕಟ್ಟಬೇಕಾದ ಮೊತ್ತ ಮೊದಲೇ ಅಚ್ಚಾಗಿರುತ್ತೆ. ಆದರೆ ಒಬ್ಬ ಡೆಂಟಿಸ್ಟ್‌ಗೆ ಅಂಟಿಕೊಳ್ಳಬೇಕು, ಸ್ಪೆಷಲಿಸ್ಟ್‌ಗೆ ಅವರ ರೆಫರಲ್ ಬೇಕು, ಹೊರಗೆ ಹೋದರೆ ತುರ್ತು ಬಿಟ್ಟು ಬೇರೇನೂ ಸಿಗಲ್ಲ. ಇನ್ನೊಂದು, ಕ್ಲಿನಿಕ್‌ನವರದ್ದೇ ಮೆಂಬರ್‌ಶಿಪ್: ವರ್ಷಕ್ಕೆ ಒಂದು ಮೊತ್ತ ಕಟ್ಟಿದರೆ ಎರಡು ಕ್ಲೀನಿಂಗ್, ತಪಾಸಣೆ, ಎಕ್ಸ್‌ರೇ ಸೇರಿ, ಉಳಿದ ಕೆಲಸಕ್ಕೆ ಶೇ. 10–20 ಕಡಿತ. ಇಷ್ಟವಾದ ಡೆಂಟಿಸ್ಟ್ ಈಗಾಗಲೇ ಇದ್ದು, ಹಲ್ಲು ಚೆನ್ನಾಗಿದ್ದವರಿಗೆ ನನ್ನ ಮೊದಲ ಆಯ್ಕೆ ಇದೇ. ಸ್ಪೆಷಲಿಸ್ಟ್ ಹತ್ತಿರ ಕಳಿಸಿದರೆ ಮಾತ್ರ ಅದು ಕೆಲಸಕ್ಕೆ ಬರಲ್ಲ.

ಬಂದುಹೋಗುವ ಅಪ್ಪ ಅಮ್ಮಂದಿರಿಗೆ: ವಿಸಿಟರ್ ಇನ್ಶೂರೆನ್ಸಿನಲ್ಲಿ ಹಲ್ಲು ಅಂದರೆ ಅಪಘಾತ ಅಥವಾ ದಿಢೀರ್ ನೋವು, ಅದೂ ಸಣ್ಣ ಮಿತಿಯೊಳಗೆ. ಕಾಯುವ ಅವಧಿ ಇರುವ ಪಿಪಿಒ ಅವರಿಗೆ ವ್ಯರ್ಥ. ಹಲ್ಲು ಕೀಳಿಸೋದು, ಫಿಲ್ಲಿಂಗ್, ಡೆಂಚರ್ ರಿಪೇರಿಗೆ ಡಿಸ್ಕೌಂಟ್ ಕಾರ್ಡ್ ಸರಿಹೋಗುತ್ತೆ. ಹತ್ತಿರದಲ್ಲಿ ಡೆಂಟಲ್ ಕಾಲೇಜಿನ ಕ್ಲಿನಿಕ್ ಇದ್ದರೆ ದರ ಇನ್ನೂ ಕಡಿಮೆ, ಒಂದು ಕೆಲಸಕ್ಕೆ ಹೆಚ್ಚು ಸಲ ಹೋಗಬೇಕಾಗುತ್ತೆ ಅಷ್ಟೇ. ಇಲ್ಲೇ ನೆಲೆಸಿ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್) ಪಡೆದವರು ಗಮನಿಸಿ: ಸರ್ಕಾರವೇ ನೇರವಾಗಿ ನಡೆಸುವ ಒರಿಜಿನಲ್ ಮೆಡಿಕೇರ್ ಸಾಮಾನ್ಯವಾಗಿ ಕ್ಲೀನಿಂಗ್, ಫಿಲ್ಲಿಂಗ್, ಡೆಂಚರ್ ಯಾವುದನ್ನೂ ಕೊಡಲ್ಲ.

ಬ್ರೇಸಸ್‌ಗೆ ಇನ್ಶೂರೆನ್ಸಿನಲ್ಲಿ ಬೇರೆಯೇ ಜೀವಮಾನದ ಮಿತಿ ಇರುತ್ತೆ, 1,000ದಿಂದ 2,000 ಸಾಮಾನ್ಯ, ಶೇ. 50ರ ಲೆಕ್ಕದಲ್ಲಿ. ಹಣ ಒಂದೇ ಸಲ ಬರಲ್ಲ, ಚಿಕಿತ್ಸೆ ನಡೆದಷ್ಟು ಕಾಲ ಕಂತಿನಲ್ಲಿ ಬರುತ್ತೆ. ಮಧ್ಯೆ ಇನ್ಶೂರೆನ್ಸ್ ನಿಂತರೆ ಕಂತೂ ನಿಲ್ಲುತ್ತೆ. ಅಪ್ಪ ಅಮ್ಮ ಇಬ್ಬರ ಪ್ಲಾನ್‌ನಲ್ಲೂ ಮಗು ಇದ್ದರೆ, ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತೋ ಅವರ ಪ್ಲಾನ್ ಮೊದಲು ಕೊಡಬೇಕು ಅನ್ನೋದು ಸಾಮಾನ್ಯ ನಿಯಮ.

ಲೆಕ್ಕಪತ್ರ

ತೆರಿಗೆ ಕಡೆಯಿಂದ: ಎಫ್‌ಎಸ್‌ಎ, ಎಚ್‌ಎಸ್‌ಎ (ಚಿಕಿತ್ಸೆಗೆ ಅಂತ ತೆರಿಗೆ ಇಲ್ಲದೆ ಹಣ ಇಡುವ ಖಾತೆಗಳು) ಹಣವನ್ನು ಫಿಲ್ಲಿಂಗ್, ಕ್ರೌನ್, ಬ್ರೇಸಸ್, ಡೆಂಚರ್ ಎಲ್ಲಕ್ಕೂ ಬಳಸಬಹುದು, ಹಲ್ಲು ಬಿಳಿ ಮಾಡಿಸೋದಕ್ಕೆ ಇಲ್ಲ. ಎಫ್‌ಎಸ್‌ಎಯಿಂದ ಪ್ರೀಮಿಯಂ ಕಟ್ಟುವಂತಿಲ್ಲ. ಎಚ್‌ಎಸ್‌ಎ ಇದ್ದವರು ಹಲ್ಲು, ಕಣ್ಣಿಗೆ ಮಾತ್ರದ ಲಿಮಿಟೆಡ್ ಪರ್ಪಸ್ ಎಫ್‌ಎಸ್‌ಎ ಜೊತೆಗಿಟ್ಟುಕೊಳ್ಳಬಹುದು. ಎಫ್‌ಎಸ್‌ಎಯಲ್ಲಿ ವರ್ಷಕ್ಕೆ ಬರೆಸಿದ ಪೂರ್ತಿ ಮೊತ್ತ ಮೊದಲ ದಿನವೇ ಸಿಗುತ್ತೆ. ಗಂಡ ಅಥವಾ ಹೆಂಡತಿಯ ಕೆಲಸದ ಕಡೆಯಿಂದ ಇದು ಸಿಕ್ಕರೆ ಜನವರಿಯ ಕ್ರೌನ್‌ಗೆ ಡಿಸ್ಕೌಂಟ್ ದರ ಮತ್ತು ಎಫ್‌ಎಸ್‌ಎ ಕೂಡಿಸೋದು ಲಾಭದ ಜೋಡಿ.

ಪ್ರೀಮಿಯಂನಲ್ಲಿ ಎಷ್ಟು ಪಾಲು ಚಿಕಿತ್ಸೆಗೆ ಹೋಗಬೇಕು ಅನ್ನೋದೂ ನೋಡಬೇಕಾದ್ದೇ. ಹೆಲ್ತ್ ಇನ್ಶೂರೆನ್ಸಿಗೆ ಫೆಡರಲ್ ಕಾನೂನಿನಲ್ಲಿ ಶೇ. 80, ದೊಡ್ಡ ಕಂಪನಿಗಳ ಪ್ಲಾನ್‌ಗೆ 85 ಅಂತ ಕನಿಷ್ಠ ಇದೆ. ಪ್ರತ್ಯೇಕ ಡೆಂಟಲ್ ಪ್ಲಾನ್‌ಗೆ ಆ ನಿಯಮ ಇಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2022ರ ನವೆಂಬರ್ ಮತದಾನದಲ್ಲಿ ಜನರೇ ಶೇ. 83 ಅಂತ ಗೊತ್ತುಮಾಡಿದರು, 2024ರ ಜನವರಿ 1ರಿಂದ ಜಾರಿ.

ತುಂಗೆ

ಡಿಸ್ಕೌಂಟ್ ಕಾರ್ಡ್ ಮೋಸ ಅನ್ನಿಸಿದರೆ: ಇದು ಇನ್ಶೂರೆನ್ಸ್ ಅಲ್ಲ ಅಂತ ಅವರು ಸ್ಪಷ್ಟವಾಗಿ ಬರೆಯಬೇಕು, ಮತ್ತು ಅನೇಕ ರಾಜ್ಯಗಳಲ್ಲಿ 30 ದಿನದೊಳಗೆ ರದ್ದು ಮಾಡಿದರೆ ಸದಸ್ಯತ್ವದ ಹಣ ವಾಪಸ್ ಕೊಡಬೇಕು, ಒಂದು ಸಲದ ಪ್ರೊಸೆಸಿಂಗ್ ಶುಲ್ಕ ಹೋಗಬಹುದು. ದೂರು ಫ್ಲಾರಿಡಾದಲ್ಲಿ, ಟೆಕ್ಸಸ್‌ನಲ್ಲಿ ರಾಜ್ಯದ ಇನ್ಶೂರೆನ್ಸ್ ನಿಯಂತ್ರಕರಿಗೆ, ಕ್ಯಾಲಿಫೋರ್ನಿಯಾದಲ್ಲಿ ಮ್ಯಾನೇಜ್ಡ್ ಹೆಲ್ತ್ ಕೇರ್ ಇಲಾಖೆಗೆ. ಆಟೋ ರಿನ್ಯೂವಲ್ ಮೊದಲ ದಿನವೇ ಆಫ್ ಮಾಡಿ.

ಒಸಡು-ಹಲ್ಲು

ಬಿಟ್ಟುಹೋಗಿದ್ದ ಒಂದು ವಿಷಯ. ಪ್ಲಾನ್ ಬದಲಿಸುವವರು ಕ್ರೌನ್ ಮಧ್ಯದಲ್ಲಿ ಬದಲಿಸಬೇಡಿ. ಹಲ್ಲು ಅರೆಯುವ ದಿನ ಒಂದು, ಎರಡು ಮೂರು ವಾರ ಬಿಟ್ಟು ಕ್ರೌನ್ ಕೂರಿಸುವ ದಿನ ಇನ್ನೊಂದು. ಹೆಚ್ಚಿನ ಕಂಪನಿಗಳು ಕೂರಿಸಿದ ದಿನಕ್ಕೆ ಹಣ ಕೊಡುತ್ತವೆ, ಕೆಲವು ಅರೆದ ದಿನಕ್ಕೆ. ಹಳೆಯದು ಕೂರಿಸಿದ ದಿನ ನೋಡುವಂಥದ್ದು, ಹೊಸದು ಅರೆದ ದಿನ ನೋಡುವಂಥದ್ದು ಆದರೆ ಎರಡೂ ಕಡೆ ಕ್ಲೈಮ್ ತಿರಸ್ಕಾರ ಆಗುತ್ತೆ. ಪ್ರೀ-ಡಿಟರ್ಮಿನೇಷನ್ (ಎಷ್ಟು ಕೊಡ್ತೀರಿ ಅಂತ ಕೆಲಸಕ್ಕೆ ಮೊದಲೇ ಕಂಪನಿಯನ್ನು ಕೇಳುವ ಅರ್ಜಿ) ಕಳಿಸುವಾಗಲೇ 'ಯಾವ ತಾರೀಖು ಲೆಕ್ಕ' ಅಂತ ಆಫೀಸಿನವರಿಂದ ಕೇಳಿಸಿ. ಉತ್ತರ ಬರೋಕೆ ಕೆಲವು ವಾರ ಹಿಡಿಯಬಹುದು, ಮತ್ತು ಬಂದ ಪತ್ರ ಅಂದಾಜು ಮಾತ್ರ: ಅಷ್ಟರಲ್ಲಿ ಬೇರೆ ಕೆಲಸಕ್ಕೆ ಮಿತಿ ಖರ್ಚಾಗಿದ್ದರೆ ಅದರಲ್ಲಿರುವ ಮೊತ್ತ ಸಿಗಲ್ಲ.